ಕಾಕಾರ ಕಿವಿಯೊಳಗಿನ ಬ್ಯಾಂಡು

ಹೋದ ವಾರ ರಕ್ತ ತಪಾಸಣೆಗೆಂದು ಮನೆಗೆ ಬಂದ ಹುಡುಗಿ ನನ್ನ ತೋಳಿಗೆ ಸ್ಪಿರಿಟ್ ಹಚ್ಚಿದಳು. ಸೂಜಿ ಚುಚ್ಚಿದ್ದು ಗೊತ್ತೇ ಆಗಲಿಲ್ಲ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕುಷಾಯಿಗೂಡದ ನಮ್ಮ ಹಳೆಯ ಗಲ್ಲಿಯಲ್ಲಿದ್ದೆ. ಪಕ್ಕದ ಮನೆಯ ಕಾಕಾರ ಮುಂದಿನ ಕೋಣೆ, ಭಾನುವಾರದ ಬೆಳಗು. ಕಾಕಾ ಬೆಂಕಿಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟಿನಲ್ಲಿ ಅದ್ದಿ, ಟೇಪ್ ರೆಕಾರ್ಡರಿನೊಳಗೆ ಟೇಪು ತಾಗುವ ಹೆಡ್ಡನ್ನು ಒರೆಸುತ್ತಿದ್ದಾರೆ. ಒಳಗೆ ಅವರ ಹೆಂಡತಿ ಕಾಕು ಲಿಂಗಪೂಜೆ ಮುಗಿಸಿ ಎದ್ದು ಬಾಗಿಲಲ್ಲಿ ನಿಂತಿದ್ದಾರೆ.

"ಏನ್ರೀ, ನಿಮ್ಮ ಡಬ್ಬಿದೇವರ ಅಭಿಷೇಕ ಮುಗೀತೇನ್ರಿ?"

ಪ್ರತಿ ಭಾನುವಾರ ಅದೇ ಮಾತು. ಕಾಕಾ ತಲೆ ಎತ್ತದೆ ನಗುತ್ತಿದ್ದರು.

ಅವರು ಬೀದರ್ ಕಡೆಯವರು. ನಮ್ಮಪ್ಪನ ಹಾಗೆಯೇ ಕುಷಾಯಿಗೂಡದ ಹತ್ತಿರದ ದೊಡ್ಡ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ನೌಕರಿ. ಗಲ್ಲಿಯ ಉಳಿದ ಗಂಡಸರೆಲ್ಲ ಹಿಂದಿ ಸಿನಿಮಾ ಹಾಡು, ತೆಲುಗು ಸಿನಿಮಾ ಹಾಡು ಅಂತಿದ್ದರೆ ಇವರಿಗೆ ಇಂಗ್ಲಿಷಿನ ರಾಕ್, ಪಾಪ್ ಹಾಡು. ಹರೆಯದಲ್ಲಿ ರೇಡಿಯೊದ ಮುಳ್ಳು ತಿರುಗಿಸಿ ತಿರುಗಿಸಿ ದೂರದೇಶದ ಸ್ಟೇಷನ್ನುಗಳಲ್ಲಿ ಕೇಳಿ ಹಿಡಿದ ಹುಚ್ಚಂತೆ. ಆಮೇಲೆ ಕೋಠಿ ಬಜಾರಿನ ಫುಟ್‌ಪಾತಿನಲ್ಲಿ ಹುಡುಕಿ ಹುಡುಕಿ ಕ್ಯಾಸೆಟ್ಟು ತಂದರು. ಹಾಡಿನ ಮಾತು ಅವರಿಗೂ ಅರ್ಧ ತಿಳಿಯುತ್ತಿರಲಿಲ್ಲ. "ಇದರ ಅರ್ಥ ಏನ್ರಿ ಕಾಕಾ?" ಅಂತ ನಾನೊಮ್ಮೆ ಕೇಳಿದ್ದಕ್ಕೆ, "ಗಿಟಾರಿಗೆ ಎಲ್ಲೀ ಭಾಷಾನ ಹುಡುಗಿ?" ಅಂದಿದ್ದರು.

ಭಾನುವಾರ ಗಲ್ಲಿಯ ಮಕ್ಕಳಿಗೆಲ್ಲ ಆ ಕೋಣೆ ತೆರೆದಿರುತ್ತಿತ್ತು. ಅವರ ಪ್ರೀತಿಯ ಹಾಡೊಂದಿತ್ತು. ಶುರುವಿಗೆ ಬರೀ ಗಿಟಾರು, ಆಮೇಲೆ ಒಂದೇ ಗಂಟಲು, ಡ್ರಮ್ಮು ಬಾರದೇ ಸತಾಯಿಸುತ್ತಿತ್ತು. ಅದು ಬರುವ ಒಂದು ಕ್ಷಣ ಮೊದಲು ಕಾಕಾ ತೋರುಬೆರಳು ಎತ್ತುತ್ತಿದ್ದರು. ಬೆರಳು ಎದ್ದಿತೋ, ಧಡ್ ಅಂತ ಡ್ರಮ್ಮು! ನಾವೆಲ್ಲ ಕಿರುಚುತ್ತಿದ್ದೆವು. ಅವರೇ ಬೆರಳಿಂದ ಅದನ್ನು ಬಾರಿಸಿದರೇನೋ ಅನ್ನುವಷ್ಟು ಖುಷಿ ಅವರಿಗೆ. ಕಾಕು ಮಾತ್ರ ಒಂದು ದಿನವೂ ಬಂದು ಕೂರಲಿಲ್ಲ. ಅವಲಕ್ಕಿ ತಂದಿಟ್ಟು, "ತಲಿ ಹಾರಿ ಹೋಗತೈತಿ ಈ ಗದ್ದಲಕ್ಕ" ಅನ್ನುತ್ತಾ ಒಳಗೆ ಹೋಗುತ್ತಿದ್ದರು.

ಕಾಕಾ ಇಷ್ಟಪಡದ ಸಂಗೀತವೂ ಒಂದಿತ್ತು. ಗಲ್ಲಿಯ ತುದಿಯಲ್ಲಿ ಫಂಕ್ಷನ್ ಹಾಲ್. ಮದುವೆಯ ಕಾಲ ಬಂತೆಂದರೆ ದಿಬ್ಬಣದ ಬ್ಯಾಂಡಿನವರು ಯಾವುದೋ ಸಿನಿಮಾದ ಒಂದೇ ಧಾಟಿಯನ್ನು ಹರಿದುಹೋಗುವಂತೆ ಊದುತ್ತಿದ್ದರು. ಕಾಕಾ ಕಿಟಕಿಗಳನ್ನೆಲ್ಲ ಬಡಿದು ಮುಚ್ಚಿ, ಆ ವರನಿಗೂ ಅವನ ಕುದುರೆಗೂ ಸೇರಿಸಿ ಬೈಯುತ್ತಿದ್ದರು. ನಮಗದು ದೊಡ್ಡ ತಮಾಷೆ.

ನಾವು ಮಕ್ಕಳೆಲ್ಲ ದೊಡ್ಡವರಾದೆವು. ನೌಕರಿಯಿಂದ ನಿವೃತ್ತರಾದ ಮೇಲೆ ಕಾಕಾರ ಕಿವಿ ಮಂದವಾಯಿತು. ಅವರ ತಂದೆಗೂ ಹಾಗೇ ಆಗಿತ್ತಂತೆ. ಆದರೆ ಕಾಕಾ ತಮ್ಮ ಕಿವಿಯನ್ನು ಅನುಮಾನಿಸಲೇ ಇಲ್ಲ, ಯಂತ್ರವನ್ನು ಅನುಮಾನಿಸಿದರು. ಹೆಡ್ಡು ಕೊಳೆಯಾಗಿದೆ ಅಂತ ಸ್ಪಿರಿಟ್ ಹಚ್ಚಿ ಒರೆಸಿದರು, ಮತ್ತೆ ಒರೆಸಿದರು... ನೋಡಲಾಗುತ್ತಿರಲಿಲ್ಲ. ಕೊನೆಗೆ ಒಪ್ಪಿಕೊಂಡಾಗಲೂ ಧೈರ್ಯದಲ್ಲೇ ಇದ್ದರು. "ಚಿಂತಿಲ್ಲವಾ. ಎಲ್ಲಾ ಹಾಡು ಒಳಗ ಐತಿ. ಕಣ್ಣ ಮುಚ್ಚಿದ್ರ ಸಾಕು, ಶುರು ಆಗತೈತಿ" ಅಂದರು. ಹೊರಗಿನ ಸದ್ದು ಹೆಚ್ಚುಕಡಿಮೆ ನಿಂತುಹೋದ ಮೇಲೂ ನಾನು ಟೇಪ್ ಹಾಕಿದರೆ, ಡಬ್ಬಿಯ ಮೇಲೆ ಅಂಗೈ ಇಟ್ಟು, ಸರಿಯಾದ ಜಾಗಕ್ಕೇ ಬೆರಳು ಎತ್ತುತ್ತಿದ್ದರು. ಕಾಕು ಅವರಿಗೆ ಹೇಳಬೇಕಾದದ್ದನ್ನೆಲ್ಲ ಅಂಗೈ ಮೇಲೆ ಬೆರಳಿಂದ ಅಕ್ಷರ ಬರೆದು ಹೇಳುತ್ತಿದ್ದರು. ನಾನೂ ಅದನ್ನೇ ಕಲಿತೆ.

ಒಂದು ಬೆಳಗ್ಗೆ ಕಾಕಾ ಎದ್ದು ಕಿಟಕಿಯ ಹತ್ತಿರ ಹೋಗಿ, "ಆಷಾಢದಾಗ ಯಾರದಪ್ಪಾ ಮದುವಿ?" ಅಂದರು. ಹೊರಗೆ ಯಾವ ಬ್ಯಾಂಡೂ ಇರಲಿಲ್ಲ. ಕಿಟಕಿ ಮುಚ್ಚಿದರು, ನಿಲ್ಲಲಿಲ್ಲ. ಕಿವಿಗೆ ಹತ್ತಿ ತುರುಕಿಕೊಂಡರು, ನಿಲ್ಲಲಿಲ್ಲ. ಅದೇ ಧಾಟಿ, ಅವರೊಳಗೇ.

ಅದೇ ಹೊತ್ತಿಗೆ ಬೀದರಿನಿಂದ ಕಾಕುವಿನ ಅಣ್ಣ ಬಂದಿದ್ದರು. ಹಣೆ ತುಂಬ ವಿಭೂತಿ, ದಿನವೂ ಮಠದ ಒಡನಾಟ. ಕಿವುಡರಿಗೆ ವಾದ್ಯ ಕೇಳಿಸುತ್ತಿದೆ ಎಂದು ಗೊತ್ತಾದದ್ದೇ ಅವರ ಕಣ್ಣಲ್ಲಿ ನೀರು ಬಂತು. "ತಂಗಿ, ಇದು ಅನಾಹತ ನಾದ. ಯಾರೂ ಬಾರಿಸದ ಒಳಗಿಂದೊಳಗ ಏಳೂ ನಾದ. ದೊಡ್ಡ ದೊಡ್ಡ ಶರಣರಿಗೆ ಸಿಗೂವಂಥಾದ್ದು!"

ಕಾಕು ಅದನ್ನು ಗಂಡನ ಅಂಗೈ ಮೇಲೆ ಬರೆದರು. ಕಾಕಾ ಕಿವುಡರ ದೊಡ್ಡ ದನಿಯಲ್ಲಿ ಕೂಗಿದರು. "ನಾದ ಅಲ್ರೀ ಅಣ್ಣಾರ, ಬ್ಯಾಂಡ್! ಮದುವಿ ಬಾರಾತಿನ ಬ್ಯಾಂಡ್!"

ಅಣ್ಣ ನಮ್ಮ ಕಡೆ ತಿರುಗಿ, "ಕೇಳಿದ್ರೇನು? ದೇವದುಂದುಭಿ ಅದು. ಅವರಿಗೆ ಗೊತ್ತಿದ್ದ ಮಾತಿನ್ಯಾಗ ಹೇಳಾಕತ್ತಾರ" ಅಂದರು.

ಅಲ್ಲಿಗೆ ಮುಗಿಯಿತು. ಸುದ್ದಿ ನೆಂಟರಲ್ಲೆಲ್ಲ ಹಬ್ಬಿ, ಬಂದವರು ಕಾಕಾರ ಕಾಲಿಗೆ ಬೀಳತೊಡಗಿದರು. ಹಣ್ಣು, ಹೂವು, ತೆಂಗಿನಕಾಯಿ. ಕಾಕಾ ಕುರ್ಚಿಯಲ್ಲಿ ಮುಖ ಕಿವುಚಿಕೊಂಡು ಕೂತರೆ ಅದನ್ನೂ ಧ್ಯಾನ ಅಂದರು. ಕಾಕು ದಿನಾ ಬೆಳಗ್ಗೆ ಅವರ ಪಕ್ಕದಲ್ಲಿ ಕೈಮುಗಿದು ಕೂರತೊಡಗಿದರು. ಒಮ್ಮೆ ಕಾಕಾರ ಬೆನ್ನಿಗೆ ಕಿವಿ ಹಚ್ಚಿ ಕೂತಿದ್ದನ್ನು ನಾನೇ ನೋಡಿದೆ.

ನಾನು ಜಗಳ ಮಾಡಿ ಕಾಕಾರನ್ನು ಹಿಮಾಯತ್‌ನಗರದ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಪರೀಕ್ಷೆ ಮಾಡಿ ಸರಳವಾಗಿ ಹೇಳಿದರು: ಕಿವಿಯ ಮೂಲಕ ಸದ್ದು ಬರುವುದು ತೀರ ಕಡಿಮೆಯಾದಾಗ ಮಿದುಳು ತನ್ನದೇ ಸದ್ದು ಹುಟ್ಟಿಸಿಕೊಳ್ಳುತ್ತದೆ, ಸ್ವಲ್ಪ ಕೇಳುವ ಶಕ್ತಿ ಇನ್ನೂ ಉಳಿದಿದೆ, ಕಿವಿಗೆ ಮಷೀನು ಹಾಕಿದರೆ ಒಳಗಿನ ಸದ್ದು ತಗ್ಗಬಹುದು, ತಡಮಾಡಬೇಡಿ. ಮನೆಗೆ ಬಂದು ಹೇಳಿದೆ.

"ಮಷೀನ್ ಹಾಕಿದ್ರ ಆ ನಾದ ಹೋಗತೈತೇನವಾ?" ಕಾಕು ಕೇಳಿದರು.

ಹೋಗಬಹುದು ಅಂದೆ. ಅವರ ಮುಖ ಕಳೆಗುಂದಿತು. "ಹಂಗಾದ್ರ ಶ್ರಾವಣ ಒಂದ ಮುಗೀಲಿ" ಅಂದರು. ಶ್ರಾವಣ ಮುಗಿದ ಮೇಲೆ ದಸರೆ ಮುಗಿಯಲಿ ಅಂದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಕಾಕಾ ಸುಮ್ಮನಿದ್ದದ್ದು ಇನ್ನೂ ಸಿಟ್ಟು ಬರಿಸುತ್ತಿತ್ತು. ಕಾಕು ಹೊರಗೆ ಹೋದಾಗ ಕಾಕಾರ ಅಂಗೈ ಹಿಡಿದು 'ಯಾಕೆ?' ಅಂತ ಬರೆದೆ.

"ಲಗ್ನ ಆದಾಗಿಂದ ನನ್ನ ಹಾಡಿಗೆ ಆಕಿ ಒಂದಿನ ಬಾಜೂಕ ಕುಂತಿದ್ದಿಲ್ಲ" ಅಂದರು. "ಈಗ ಕುಂತಾಳ. ಹೆಂಗ ಎಬ್ಬಸಲಿ?"

ಆಮೇಲೆ ದನಿ ತಗ್ಗಿಸಿ ಅಂದರು, "ಖರೇ ಹೇಳ್ತೀನಿ, ಭಾಳ ತ್ರಾಸ ಆಗಾಕತ್ತೈತಿ. ನನ್ನ ಹಾಡು ನೆನಸ್ತೀನಿ. ಗಿಟಾರ್ ಶುರು ಆಗೂದ್ರಾಗ ಅದರ ಮ್ಯಾಲೆ ಈ ಬ್ಯಾಂಡ್ ನಡದ ಹೋಗತೈತಿ. ತುಳದ ಹೋಗತೈತಿ."

ನಾನು ಟೇಪ್ ಹಾಕಿದೆ. ಅವರು ಡಬ್ಬಿಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು. ಡ್ರಮ್ಮು ಬಂತು... ಹಾಡು ಬಹಳ ದೂರ ಹೋದ ಮೇಲೆ ಬೆರಳು ಎದ್ದಿತು. ಕಣ್ಣು ತೆರೆದು ನನ್ನ ಮುಖ ನೋಡಿದರು. ನಾನು ಏನೂ ಬರೆಯಬೇಕಾಗಲಿಲ್ಲ.

ಕೊನೆಗೆ ಮಷೀನು ಬಂದದ್ದು ಸಂಕ್ರಾಂತಿಯ ಆಚೆ. ಅಷ್ಟರಲ್ಲಿ ಉಳಿದಿದ್ದ ಕೇಳುವ ಶಕ್ತಿಯೂ ಬಹುಪಾಲು ಹೋಗಿತ್ತು. ಹಾಡು ಹಾಕಿದರೆ ತಗಡಿನ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದ ಹಾಗೆ ಕೇಳುತ್ತದೆ ಎಂದು ಕಾಕಾ ಮಷೀನು ತೆಗೆದಿಟ್ಟರು. ಮತ್ತೆ ಹಾಕಲಿಲ್ಲ.

ಆಮೇಲೆ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ನಾನು ಹೋದಾಗ ಮುಖದಲ್ಲಿ ಏನೋ ಬೇರೆ ಇತ್ತು. "ನಿಂತೈತವಾ ಬ್ಯಾಂಡ್. ಮುಂಜಾನಿಂದ ಇಲ್ಲ" ಅಂದರು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಅಂಗೈ ಮೇಲೆ 'ನಿಮ್ಮ ಹಾಡು?' ಅಂತ ಬರೆದೆ. ಅವರು ಕಣ್ಣು ಮುಚ್ಚಿದರು. ನಾನು ಕಾದೆ. ತುಟಿ ಅಲ್ಲಾಡಿತು, ಹುಬ್ಬು ಗಂಟಿಕ್ಕಿತು, ಏನನ್ನೋ ಹುಡುಕುವವರಂತೆ ತಲೆ ಅತ್ತಿತ್ತ ಹೊರಳಿತು...

"ಬರವಲ್ದು" ಅಂದರು. "ಯಾವುದೂ ಬರವಲ್ದು. ಒಳಗ ಏನೂ ಇಲ್ಲ."

ಕಣ್ಣಂಚಿನಿಂದ ನೀರು ಇಳಿದು ದಿಂಬಿಗೆ ಹೋಯಿತು. "ಆ ಬ್ಯಾಂಡಾದ್ರೂ ಬರಲಿ. ಅದಾದ್ರೂ ಇರಲಿ."

ಬಾಗಿಲಲ್ಲಿ ಕಾಕು ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ನಾದವೂ ಅಲ್ಲ, ದುಂದುಭಿಯೂ ಅಲ್ಲ ಎಂದು ಅವರಿಗೆ ಆಗಲೇ ತಿಳಿಯಿತೋ, ಮೊದಲೇ ತಿಳಿದಿತ್ತೋ, ನಾನು ಎಂದೂ ಕೇಳಲಿಲ್ಲ. ಬಂದು ಹಾಸಿಗೆಯ ಅಂಚಿಗೆ ಕೂತು, ಗಂಡನ ಕೈ ಬಿಡಿಸಿ, ಅಂಗೈ ಮೇಲೆ ಎರಡು ಬೆರಳಿಂದ ಬಡಿಯತೊಡಗಿದರು. ಫಂಕ್ಷನ್ ಹಾಲಿನ ಆ ಬ್ಯಾಂಡಿನ ಪೆಟ್ಟು. ಇಷ್ಟು ವರ್ಷ ಅಡುಗೆಮನೆಯಲ್ಲಿ ನಿಂತು ಕೇಳಿದ್ದಲ್ಲವೇ, ಒಂದು ಪೆಟ್ಟೂ ತಪ್ಪಲಿಲ್ಲ.

ಕಾಕಾ ಹೆಂಡತಿಯ ಬೆರಳುಗಳನ್ನೇ ನೋಡಿದರು. ಆಮೇಲೆ ಅವರ ಮುಖ ನೋಡಿದರು.

"ಏನ ಬರಿಯಾಕತ್ತಿ?" ಅಂದರು. "ಯಾವ ಅಕ್ಷರ ಅದು? ತಿಳೀವಲ್ದು."

ಕಾಕು ಬಡಿಯುತ್ತಲೇ ಇದ್ದರು.

ಕೆಲವು ದಿನಗಳಲ್ಲೇ ಕಾಕಾ ಹೋದರು. ಕೋಠಿಯ ಫುಟ್‌ಪಾತಿನಲ್ಲಿ ಅವರು ಕಾಲು ನೋಯುವಷ್ಟು ಅಲೆದು ಹುಡುಕಿದ ಹಾಡುಗಳು ಈಗ ನನ್ನ ಮೊಬೈಲಿನಲ್ಲಿ ಬೆರಳು ಒತ್ತಿದ ಕೂಡಲೇ ಬರುತ್ತವೆ. ಆಗಾಗ ಹಾಕಿಕೊಂಡು ಕೂರುತ್ತೇನೆ. ಅವು ಮೊದಲಿನಷ್ಟೇ ಚೆನ್ನಾಗಿವೆ. ಅವುಗಳನ್ನು ಅಷ್ಟು ಹಚ್ಚಿಕೊಂಡಿದ್ದ ಜೀವ ಕೊನೆಗೆ ಒಂದು ಹಾಡೂ ನೆನಪಿಗೆ ಸಿಗದೆ ಹೋಯಿತು. ಹಾಡಿಗೆ ಮಾತ್ರ ಏನೂ ಆಗಿಲ್ಲ. ಅದನ್ನು ನನಗೆ ಸಹಿಸಲಾಗುವುದಿಲ್ಲ.