ಕಿವಿ ಮೇಷ್ಟ್ರಿಗೆ ಕೇಳಿಸದ ಸದ್ದು

ಊರಿನ ಗಾಡಿ ಹುಚ್ಚರೆಲ್ಲ ಅವರನ್ನು ಕಿವಿ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ತಾಮ್ರದ ಕೊಳವೆಯ ಒಂದು ತುದಿಯನ್ನು ಎಂಜಿನ್ನಿಗೆ ಬಿಗಿದು, ಇನ್ನೊಂದು ತುದಿಯನ್ನು ರಬ್ಬರ್ ಪೈಪಿನಿಂದ ಕಿವಿಗೆ ತಂದುಕೊಂಡು ಕಣ್ಣು ಮುಚ್ಚಿ ಕೂತರೆಂದರೆ, ಒಳಗೆ ಏನಾಗುತ್ತಿದೆ ಎಂದು ಕಂಪ್ಯೂಟರಿಗಿಂತ ಮೊದಲೇ ಹೇಳಿಬಿಡುತ್ತಿದ್ದರು. ಕಿಡಿಯ ಬೆಂಕಿ ಹರಡುವ ಮೊದಲೇ ಇಂಧನ ತನ್ನಷ್ಟಕ್ಕೆ ತಾನೇ ಸಿಡಿದರೆ, ತಗಡಿನ ಡಬ್ಬಿಯಲ್ಲಿ ಮರಳು ಅಲ್ಲಾಡಿಸಿದಂಥ ಸಣ್ಣ ಟಿಕಟಿಕ ಸದ್ದು ಬರುತ್ತದೆ. ಅದಕ್ಕೆ ನಾಕಿಂಗ್ ಎನ್ನುತ್ತಾರೆ. ಗಮನಿಸದೆ ಹಾಗೇ ಓಡಿಸಿದರೆ ಪಿಸ್ಟನ್ ಒಡೆಯುತ್ತದೆ.

ಅವರದು ಎರಡು ಕೋಣೆಯ ಶೆಡ್ಡು. ಮುಂದಿನ ಕೋಣೆಯಲ್ಲಿ ಮೇಷ್ಟ್ರು, ಗಾಡಿಯ ಚಕ್ರಗಳನ್ನು ಕೂರಿಸಿ ನಿಂತಲ್ಲೇ ಓಡಿಸುವ ರೋಲರುಗಳು, ಮೂಲೆಯಲ್ಲೊಂದು ಹರಿದ ಸೋಫಾ. ಹಿಂದಿನ ಕೋಣೆಯಲ್ಲಿ ಲೋಹ ಕಡೆದು ಕೊರೆಯುವ ಲೇತ್ ಮತ್ತು ಮೇಷ್ಟ್ರ ಅಕ್ಕ. ಅಪ್ಪ ತೀರಿಕೊಂಡ ಮೇಲೆ ಅಕ್ಕ ಲೇತಿಗೆ ಕೈ ಹಾಕಿದಾಗ ಮೂಗು ಮುರಿದವರು ಬಹಳ ಜನ. ಈಗ ಅದೇ ಜನ, ಅವಳು ಒಂದು ದಿನ ರಜಾ ಹಾಕಿದರೆ ಎಂಜಿನ್ನಿನ ಸಿಲಿಂಡರ್ ಹೊತ್ತುಕೊಂಡು ಮನೆ ಬಾಗಿಲಿಗೇ ಬರುತ್ತಿದ್ದರು.

ಮೇಷ್ಟ್ರಿಗೆ ಐವತ್ತೆಂಟು. ಬಗ್ಗಿದರೆ ಏಳಲು ಏನಾದರೂ ಹಿಡಿದುಕೊಳ್ಳಬೇಕು. ಇತ್ತೀಚಿನ ನಾಲ್ಕೈದು ವರ್ಷದಲ್ಲಿ ರೇಸಿನವರೆಲ್ಲ ಎಥನಾಲ್ ಬೆರೆಸಿದ ಇಂಧನದ ಹಿಂದೆ ಬಿದ್ದಿದ್ದರಿಂದ ಕೆಲಸ ಒಂದಕ್ಕೆರಡಾಗಿತ್ತು. ಎಥನಾಲ್ ಒಳಗನ್ನು ತಂಪಾಗಿಡುತ್ತದೆ, ಬೇಗ ಸಿಡಿಯುವುದಿಲ್ಲ. ಹಾಗಾಗಿ ಟರ್ಬೊದಿಂದ ಇನ್ನಷ್ಟು ಗಾಳಿ ತುರುಕಬಹುದು, ಕಿಡಿಯನ್ನು ಇನ್ನಷ್ಟು ಮುಂಚಿತವಾಗಿ ಹೊತ್ತಿಸಬಹುದು. ಅದೇ ಎಂಜಿನ್ ಬೇರೆಯದೇ ಪ್ರಾಣಿಯಂತೆ ಎಳೆಯುತ್ತದೆ. ಆದರೆ ಅದರ ರಗಳೆಗೆ ಕೊನೆಯಿಲ್ಲ. ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಹೆಚ್ಚು ಕುಡಿಯುತ್ತದೆ, ಹಳೇ ರಬ್ಬರ್ ಪೈಪುಗಳನ್ನು ಉಬ್ಬಿಸುತ್ತದೆ, ಮುಚ್ಚಳ ಸಡಿಲಬಿಟ್ಟರೆ ಗಾಳಿಯ ತೇವವನ್ನೆಲ್ಲ ಹೀರಿಕೊಳ್ಳುತ್ತದೆ, ಚಳಿಯ ಬೆಳಿಗ್ಗೆ ಸ್ಟಾರ್ಟ್ ಆಗಲು ಜಪ್ಪಯ್ಯ ಎಂದರೂ ಒಪ್ಪುವುದಿಲ್ಲ. ಬಂದ ಗಾಡಿಗೆಲ್ಲ ಪಂಪು, ಇಂಜೆಕ್ಟರು, ಪೈಪು ಬದಲಿಸಿ ಬದಲಿಸಿ ಮೇಷ್ಟ್ರು ಹೈರಾಣಾಗಿದ್ದರು.

ಆ ಸಲ ಬಂದದ್ದು ಡ್ರೈವರಮ್ಮನ ಕಾರು. ವಾರವೆಲ್ಲ ಸಿಟಿ ಬಸ್ಸು ಓಡಿಸುವವಳು ಅವಳು. ಸ್ಟಾಪಿನಿಂದ ಸ್ಟಾಪಿಗೆ ಆಮೆಯಂತೆ ತೆವಳಿ, ಭಾನುವಾರ ಮಾತ್ರ ಊರಾಚೆಯ ಹಳೇ ವಿಮಾನ ಪಟ್ಟಿಯಲ್ಲಿ ಆ ಹಳೇ ಕಾರನ್ನು ಬಾಣದಂತೆ ಬಿಡುತ್ತಿದ್ದಳು. ನೂರಕ್ಕೆ ಎಂಬತ್ತೈದು ಪಾಲು ಎಥನಾಲ್ ಇರುವ ಡ್ರಮ್ಮನ್ನು ತಾನೇ ತಂದು ಇಳಿಸಿದಳು. ಕೆಲಸ ಮೂರು ದಿನ ಹಿಡಿಯಿತು.

ಡ್ರಮ್ಮಿನ ಮೇಲೆ ಏನೇ ಬರೆದಿರಲಿ, ಒಳಗಿನದನ್ನು ಪರೀಕ್ಷೆ ಮಾಡಿಯೇ ಮುಂದುವರಿಯುವುದು ಮೇಷ್ಟ್ರ ಕ್ರಮ. ಗೆರೆ ಹಾಕಿದ ಗಾಜಿನ ನಳಿಗೆಗೆ ಸ್ವಲ್ಪ ನೀರು ಬಿಟ್ಟು, ಮೇಲೆ ಇಂಧನ ಸುರಿದು, ಕುಲುಕಿ ನಿಲ್ಲಿಸಿದರೆ ಎಥನಾಲ್ ನೀರಿನ ಜೊತೆ ಕೆಳಗಿಳಿಯುತ್ತದೆ. ಕೆಳಗಿನ ಪದರ ಯಾವ ಗೆರೆಗೆ ಬಂತು ಎಂದು ನೋಡಿದರೆ ಮುಗಿಯಿತು. ಹತ್ತು ನಿಮಿಷದ ಕೆಲಸ. ಮೂರನೆಯ ದಿನ ಮಧ್ಯಾಹ್ನ ಮೇಷ್ಟ್ರು ನಳಿಗೆ ತೆಗೆಯಲು ಕಪಾಟಿನವರೆಗೆ ಹೋದರು. ಅದು ಕೆಳಗಿನ ಅರೆಯಲ್ಲಿತ್ತು, ಬಗ್ಗಬೇಕಿತ್ತು. ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ನಿಂತು ಹಿಂದಿರುಗಿದರು. ಪಾಲು ಕಡಿಮೆಯಿದ್ದರೆ ಕಿವಿಗೆ ಗೊತ್ತಾಗದೆ ಎಲ್ಲಿಗೆ ಹೋಗುತ್ತದೆ ಎಂದುಕೊಂಡರು.

ಕೊಳವೆ ಕಿವಿಗಿಟ್ಟುಕೊಂಡು, ಕಾರನ್ನು ರೋಲರಿನ ಮೇಲೆ ಓಡಿಸಿದರು. ಕಿಡಿ ಹೊತ್ತುವ ಗಳಿಗೆಯನ್ನು ಒಂದೊಂದೇ ಡಿಗ್ರಿ ಮುಂಚಿತಕ್ಕೆ ತಂದರು, ಗಾಳಿಯ ಒತ್ತಡ ಏರಿಸಿದರು. ಎಂಜಿನ್ ತುಂಬು ಗಂಟಲಲ್ಲಿ ಮೊರೆಯಿತು. ಅದರ ನಡುವೆ ಮೇಷ್ಟ್ರಿಗೆ ಬೇರೆ ಯಾವ ಸದ್ದೂ ಕೇಳಿಸಲಿಲ್ಲ. ಸ್ವಿಚ್ ಆರಿಸಿದಾಗ ಹಿಂದಿನ ಕೋಣೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಲೇತ್ ನಿಂತುಹೋಗಿತ್ತು.

"ಕೇಳಿಸ್ತೇನೋ?" ಎಂದಳು.

"ಏನು?"

ಅಕ್ಕ ಅವರ ಮುಖವನ್ನೇ ನೋಡಿದಳು. "ಏನಿಲ್ಲ ಬಿಡು. ಟೀ ತರಿಸ್ಲಾ?"

"ತರ್ಸು. ಬೆಣ್ಣೆ ಥರ ಓಡ್ತಿದೆ," ಎಂದು ಮೇಷ್ಟ್ರು ಸೋಫಾದ ಮೇಲೆ ಕಾಲು ಚಾಚಿದರು.

ಭಾನುವಾರ ಎರಡನೆಯ ಓಟದಲ್ಲಿ, ಪಟ್ಟಿಯ ಮುಕ್ಕಾಲು ದೂರದಲ್ಲಿ ಡ್ರೈವರಮ್ಮನ ಕಾರಿನ ಹಿಂದೆ ಬಿಳಿ ಹೊಗೆ ಎದ್ದಿತು. ಅವಳು ಕ್ಲಚ್ ಒತ್ತಿ, ಬಸ್ಸನ್ನು ಸ್ಟಾಪಿಗೆ ತರುವ ಹಾಗೆ ಪಕ್ಕಕ್ಕೆ ತಂದು ನಿಲ್ಲಿಸಿದಳು. ಮೈಮೇಲೆ ಒಂದು ಗೀರೂ ಇರಲಿಲ್ಲ.

ಸೋಮವಾರ ಎಂಜಿನ್ ಬಿಚ್ಚಿದರು. ಮೂರನೆಯ ಪಿಸ್ಟನ್ನಿನ ಅಂಚು ಇಲಿ ಕಡಿದ ರೊಟ್ಟಿಯಂತಾಗಿತ್ತು. ಮೇಷ್ಟ್ರು ಅದನ್ನು ಅಂಗೈಯಲ್ಲಿಟ್ಟುಕೊಂಡು ಕೂತು ಅಂಚಿನ ಮೇಲೆ ಹೆಬ್ಬೆರಳಾಡಿಸಿದರು. ಆಮೇಲೆ ಎದ್ದು, ಬಗ್ಗಿ, ನಳಿಗೆ ತೆಗೆದು ಡ್ರಮ್ಮಿನಲ್ಲಿ ಉಳಿದದ್ದನ್ನು ಪರೀಕ್ಷಿಸಿದರು. ಎಥನಾಲ್ ಅರ್ಧವೂ ಇರಲಿಲ್ಲ.

"ಅಕ್ಕಾ, ಅವತ್ತು ನಿಂಗೆ ಕೇಳಿಸಿತ್ತು, ಅಲ್ವಾ?"

ಅಕ್ಕ ಕೈ ಒರೆಸಿಕೊಳ್ಳುತ್ತಿದ್ದವಳು ಒರೆಸುತ್ತಲೇ ಇದ್ದಳು. "ಗೋಡೆ ಆಚೆಯಿಂದ್ಲೇ ಕೇಳಿಸ್ತು."

"ಹೇಳ್ಬೇಕಿತ್ತು."

"ಏನಂತ ಹೇಳ್ಲಿ? ಹೋದ ವರ್ಷದಿಂದ ನೋಡ್ತಿದೀನಿ. ಫೋನ್ ಬಡ್ಕೊಂಡ್ರೂ ಎತ್ತಲ್ಲ ನೀನು. ಲೇತಲ್ಲಿ ಕೊರೆಯೋ ಬಿಟ್ ಕಿರುಚಿದ್ರೆ ಮೊದ್ಲು ನೀನೇ ಓಡ್ಬರ್ತಿದ್ದೆ, ಈಗ ಬರಲ್ಲ. ಊರೆಲ್ಲ ಕಿವಿ ಮೇಷ್ಟ್ರು ಅನ್ನೋ ತಮ್ಮನಿಗೆ ನಿನ್ ಕಿವಿ ಹೋಯ್ತು ಅಂತ ಯಾವ್ ಬಾಯಲ್ಲಿ ಹೇಳ್ಲಿ? ತಪ್ಪು ನಂದೂ ಇದೆ."

ಮೇಷ್ಟ್ರ ಹೆಂಡತಿಗಂತೂ ಅನುಮಾನವೇ ಬಂದಿರಲಿಲ್ಲ. ಎರಡು ಸಲ ಕರೆದರೂ ಗಂಡ ತಿರುಗಿ ನೋಡುವುದಿಲ್ಲ ಎಂಬುದು ಆ ಮನೆಯಲ್ಲಿ ಇಪ್ಪತ್ತಾರು ವರ್ಷದ ಹಳೇ ದೂರು. ಅದರಲ್ಲಿ ಹೊಸ ಕಾಯಿಲೆ ಹುಡುಕುವವರು ಯಾರು?

ಮಾರನೆಯ ದಿನ ಅಕ್ಕನೇ ಕಿವಿ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಎಂದರು. ಮೇಷ್ಟ್ರು ಮೊದಮೊದಲು ಚಕಚಕನೆ ಒತ್ತಿದರು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಪರೀಕ್ಷೆ ನಿಂತಿತೇನೋ ಎಂದು ತಲೆಯೆತ್ತಿದರೆ, ಗಾಜಿನಾಚೆ ಡಾಕ್ಟರು ಇನ್ನೂ ಒಂದರ ಹಿಂದೊಂದು ಸದ್ದು ಬಿಡುತ್ತಲೇ ಇದ್ದರು.

"ದಪ್ಪ ಸದ್ದೆಲ್ಲ ಚೆನ್ನಾಗಿ ಕೇಳ್ತಿದೆ. ಸಣ್ಣ ಸದ್ದು ಎರಡೂ ಕಿವೀಲಿ ಹೋಗಿದೆ. ಹೋಗಿದ್ದು ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೊಳ್ಳಿ," ಎಂದರು ಡಾಕ್ಟರು.

ಸಂಜೆ ಡ್ಯೂಟಿ ಮುಗಿಸಿದ ಡ್ರೈವರಮ್ಮ ಯೂನಿಫಾರ್ಮಿನಲ್ಲೇ ಶೆಡ್ಡಿಗೆ ಬಂದಳು. ಡ್ರಮ್ಮು ಕೊಟ್ಟವನ ಮೇಲೆ ಹೊರಿಸಿ ಕೈ ತೊಳೆದುಕೊಳ್ಳಬಹುದಿತ್ತು. ಮೇಷ್ಟ್ರಿಗೆ ಸುಳ್ಳು ಹೇಳುವಷ್ಟು ತ್ರಾಣವೂ ಉಳಿದಿರಲಿಲ್ಲ.

"ನನ್ನಿಂದ ಹೋಯ್ತು ತಾಯಿ ನಿನ್ನ ಎಂಜಿನ್ನು. ಡ್ರಮ್ಮಲ್ಲಿ ಎಥನಾಲ್ ಕಮ್ಮಿ ಇತ್ತು, ನೋಡ್ಲಿಲ್ಲ. ನಾಕಿಂಗ್ ಬಂತು, ನಂಗೆ ಕೇಳಿಸ್ಲಿಲ್ಲ. ಕಿವಿ ಹೋಗಿದೆ ನಂದು."

ಅವಳು ಒಡೆದ ಪಿಸ್ಟನ್ನನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಕಿವಿ ಬಿಡಿ ಮೇಷ್ಟ್ರೇ. ಬಸ್ಸಿನ ಎಂಜಿನ್ ಪಕ್ಕ ಕೂತೂ ಕೂತೂ ನಂದೂ ಒಂದು ಮಂದ. ಡ್ರಮ್ಮು ಯಾಕೆ ನೋಡ್ಲಿಲ್ಲ?"

"ಸಾಕಾಗಿತ್ತು."

ಅವಳು ಸೋಫಾದ ತುದಿಯಲ್ಲಿ ಕೂತು ಶೂ ಲೇಸು ಸಡಿಲ ಮಾಡಿಕೊಂಡಳು. "ನಂಗೂ ದಿನಾ ಸಾಕಾಗುತ್ತೆ. ಆದ್ರೂ ಬ್ರೇಕ್ ನೋಡ್ದೆ ಬಸ್ ತೆಗೆಯಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮೇಷ್ಟ್ರಿಗೆ ಅದೇ ಹೆಚ್ಚು ನಾಟಿತು. ಹೌದು ಎಂದು ತಲೆಯಾಡಿಸಿದರು.

"ಇನ್ನೊಬ್ಬ ಒಳ್ಳೆ ಮೆಕ್ಯಾನಿಕ್ ಹೆಸರು ಹೇಳ್ತೀನಿ," ಎಂದರು.

"ಬೇಡ. ನೀವೇ ಕಟ್ಟಿ. ಕೇಳೋದನ್ನ ಅಕ್ಕನ ಹತ್ರ ಮಾಡಿಸಿ." ಎದ್ದು ಹೋದಳು.

ಎಂಜಿನ್ ಮತ್ತೆ ಕಟ್ಟಲು ಐದು ವಾರ ಹಿಡಿಯಿತು. ಅಕ್ಕ ಸಿಲಿಂಡರ್ ಕೊರೆದಳು, ಮೇಷ್ಟ್ರು ಜೋಡಿಸಿದರು. ಹೊಸ ಡ್ರಮ್ಮು ಬಂದ ದಿನ ಮೂರು ಸಲ ನಳಿಗೆ ಕುಲುಕಿ ಮೂರು ಸಲವೂ ಅಕ್ಕನಿಗೆ ತೋರಿಸಿದರು. ಎಥನಾಲ್ ನೂರಕ್ಕೆ ಎಂಬತ್ತೆರಡು ಪಾಲು ಬಂತು, ಗಾಳಿ ಮತ್ತು ಕಿಡಿಯ ಲೆಕ್ಕವನ್ನು ಅದಕ್ಕೆ ತಕ್ಕಂತೆ ಇಳಿಸಿದರು. ನಾಕಿಂಗ್ ಹಿಡಿಯುವ ಸೆನ್ಸರ್ ಒಂದನ್ನು ಎಂಜಿನ್ನಿಗೆ ಬಿಗಿದು, ತಾಮ್ರದ ಕೊಳವೆಯ ಪೈಪನ್ನು ಅಕ್ಕನ ಕೈಗೆ ಕೊಟ್ಟರು. ಅರವತ್ತೆರಡರ ಅಕ್ಕ ಕನ್ನಡಕ ಹಣೆಗೇರಿಸಿ, ಪರೀಕ್ಷೆಗೆ ಕೂತ ಹುಡುಗಿಯಂತೆ ಬೆನ್ನು ನೆಟ್ಟಗೆ ಮಾಡಿ ಕೂತಳು. ಗಾಳಿಯ ಒತ್ತಡ ಏರುತ್ತಾ ಹೋದಂತೆ ಒಂದು ಹಂತದಲ್ಲಿ ಅವಳು ಬೆರಳೆತ್ತಿದಳು. ಮೇಷ್ಟ್ರಿಗೆ ಕೇಳಿಸಿದ್ದು ಮೊರೆತ ಮಾತ್ರ. ಆದರೂ ಅವಳ ಬೆರಳನ್ನು ನಂಬಿ ಕಿಡಿಯನ್ನು ಎರಡು ಡಿಗ್ರಿ ತಡ ಮಾಡಿದರು. ಅದೇ ಹೊತ್ತಿಗೆ ಸೆನ್ಸರಿನ ದೀಪವೂ ಮಿನುಗಿ ಆರಿತು.

ಮೊದಲಿಗಿಂತ ಬಲ ಸ್ವಲ್ಪ ಕಡಿಮೆಯೇ. ಡ್ರೈವರಮ್ಮ ಒಪ್ಪಿಕೊಂಡಳು. ಮುಂದಿನ ಭಾನುವಾರ ಆರು ಓಟ ಓಡಿ, ಹದಿನೇಳು ಗಾಡಿಗಳಲ್ಲಿ ನಾಲ್ಕನೆಯವಳಾಗಿ ಬಂದಳು. ಓಟ ಮುಗಿಸಿ ಬಂದು ಬಾನೆಟ್ ಎತ್ತಿ, ಮೇಷ್ಟ್ರನ್ನು ಕರೆದಳು. ಅವರು ತಿರುಗಲಿಲ್ಲ. ಹತ್ತಿರ ಹೋಗಿ ನೋಡಿದರೆ, ಮಡಚುವ ಕುರ್ಚಿಯಲ್ಲಿ ಕೂತಲ್ಲೇ, ಟೈರುಗಳ ರಾಶಿಗೆ ತಲೆಯೊರಗಿಸಿ, ಬಾಯಿ ಅರ್ಧ ತೆರೆದು ನಿದ್ದೆ ಹೋಗಿದ್ದರು.

"ಎಬ್ಬಿಸ್ಲಾ ಅಕ್ಕ?" ಎಂದು ಪಕ್ಕದಲ್ಲಿದ್ದ ಅಕ್ಕನನ್ನು ಕೇಳಿದಳು.

"ಬೇಡ, ಮಲಗ್ಲಿ ಬಿಡು. ಎಂಜಿನ್ ನಾನು ನೋಡ್ತೀನಿ," ಎಂದು ಅಕ್ಕ ಕಾರಿನತ್ತ ನಡೆದಳು.