ಔದುಂಬರಕ್ಕೆ ಅಂಟಿದ ಹೂವು

ಬೆಳಗಿನ ಆರೂ ಇಪ್ಪತ್ತಕ್ಕೆ ಫೋನು ಒಮ್ಮೆ 'ಟಿಣ್' ಎಂದು ಸುಮ್ಮನಾಯಿತು. ನಾನು ಎತ್ತಿದರೆ ಆ ಕಡೆ ಯಾರೂ ಇಲ್ಲ. ಕಾದ ಎಣ್ಣೆಗೆ ನೀರು ಬಿದ್ದಂತೆ ಚರಚರ ಸದ್ದು ಮಾತ್ರ.

"ಯಾರದವ್ವಾ ಫೋನ?" ಬಚ್ಚಲಿನಿಂದ ಅಪ್ಪ ನನ್ನನ್ನು ಕೂಗಿ ಕೇಳಿದ.

"ಯಾರದೂ ಅಲ್ಲಪಾ."

"ಹಂಗಾರ ಗಾಳೀದು. ನನ್ನ ಕೇಳಿದ್ರ ಮನ್ಯಾಗಿಲ್ಲ ಅನ್ನು."

ನಕ್ಕೆವು. ಮರುದಿನ ಗಾಳಿ ಬೀಸಿದಾಗ ಮತ್ತೆ ಅದೇ ಸದ್ದು. ಕಿಟಕಿಯಿಂದ ನೋಡಿದೆ. ಅಂಗಳದ ಔದುಂಬರದ, ಅಂದರೆ ಅತ್ತಿ ಗಿಡದ, ದೊಡ್ಡ ಟೊಂಗೆಯೊಂದು ಕಾಂಪೌಂಡು ದಾಟಿ ಫೋನಿನ ತಂತಿಯ ಮೇಲೆ ಮೊಣಕೈ ಊರಿ ಮಲಗಿತ್ತು. ಅದರ ತುದಿ ಇನ್ನೂ ಮೇಲಿದ್ದ ಕರೆಂಟಿನ ತಂತಿಯನ್ನೂ ಮುಟ್ಟದೆ ದಾಟಿತ್ತು. ನಾನು ಆಗಷ್ಟೇ ಬಿ.ಎಸ್ಸಿ. ಮುಗಿಸಿ ಚಿಕ್ಕೋಡಿಯ ಮನೆಗೆ ಬಂದಿದ್ದೆ. ಹಸಿ ಟೊಂಗೆ ಆ ಎರಡು ತಂತಿಗಳನ್ನು ಸೇರಿಸಿದರೆ ಏನಾಗುತ್ತದೆಂದು ಗೊತ್ತಿತ್ತು. ಗಿಡದ ಸುತ್ತ ದಿನಾ ಬೆಳಿಗ್ಗೆ ಬರಿಗಾಲಿನಲ್ಲಿ, ಒದ್ದೆ ಸೀರೆಯಲ್ಲಿ ಸುತ್ತುತ್ತಿದ್ದವಳು ಅವ್ವ.

ಗಿಡಕ್ಕೆ ಜಡ್ಡು ಹತ್ತಿತ್ತು. ಶ್ರಾವಣದಲ್ಲೂ ಅರ್ಧ ಮೈ ಬೋಳು. ಕೆಲವು ವರ್ಷಗಳ ಹಿಂದೆ ಅವ್ವ ಬುಡಕ್ಕೆ ಒತ್ತಿ ಸಿಮೆಂಟಿನ ಕಟ್ಟೆ ಕಟ್ಟಿಸಿ, ದತ್ತ ಮಹಾರಾಜರ ಪಾದುಕೆ ಇಡಿಸಿದ್ದಳು. ದಿನಾ ಒಂದು ಕೊಡ ನೀರು ಹಾಕುತ್ತಿದ್ದಳು. ಎಲೆ ಉದುರತೊಡಗಿದಾಗ ಗಿಡಕ್ಕೆ ನೀರಡಿಕೆ ಎಂದು ಎರಡು ಕೊಡ ಮಾಡಿದಳು. ನೀರು ಹೋಗಲು ಜಾಗವಿಲ್ಲದೆ ಕಟ್ಟೆಯೊಳಗೇ ನಿಂತು ಬುಡ ಕೊಳೆಯುತ್ತಿತ್ತು. ತೊಗಟೆ ಒತ್ತಿದರೆ ಬೆರಳು ಒಳಗೆ ಹೋಗುತ್ತಿತ್ತು.

ಫೋನಿನವನು ಬಂದು ಮೇಲೆ ನೋಡಿದ. "ಮೊದಲ ಕರೆಂಟ ತಗಿಸಿ ಟೊಂಗಿ ಕಡಸ್ರಿ. ಅಲ್ಲೀತನಕ ನಾ ಏಣಿ ಹಚ್ಚಾಂವಲ್ಲ" ಎಂದು ಸೈಕಲ್ ಹತ್ತಿದ.

"ಮಹಾರಾಜರ ಗಿಡಕ್ಕ ಕೊಡ್ಲಿ ಹಚ್ಚಾವ್ರ ಯಾರು?" ಅವ್ವ ಬಾಗಿಲಿಗೆ ಅಡ್ಡ ನಿಂತಳು. "ಮೊದಲ ಅವ್ರನ್ನ ಕೇಳಬೇಕು."

ಕೇಳುವುದೆಂದರೆ ಹೂ ಹಚ್ಚುವುದು. ಎರಡು ಮಲ್ಲಿಗೆಯನ್ನು ನೀರಲ್ಲಿ ಅದ್ದಿ ಪಾದುಕೆಯ ಮೇಲಿನ ಕಾಂಡಕ್ಕೆ ಎಡಬಲ ಹಚ್ಚಬೇಕು. ಬಲದ್ದು ಮೊದಲು ಬಿದ್ದರೆ ಒಪ್ಪಿಗೆ, ಎಡದ್ದು ಬಿದ್ದರೆ ಇಲ್ಲ.

"ಬಲಕ್ಕ ಬೀಳೂತನಕ ಟೊಂಗಿ ಕಾಯತೈತೇನ?" ಅಪ್ಪ ಕೇಳಿದ.

"ಕಾಯತೈತಿ. ನಿಮ್ಮಂಗ ಗಡಿಬಿಡಿ ಇಲ್ಲ ಅದಕ್ಕ."

ಗುರುವಾರ ಹಚ್ಚಿದಳು. ಯಾವುದೂ ಬೀಳಲಿಲ್ಲ. ಸಂಜೆಗೆ ಎರಡೂ ಬಾಡಿ ಕಂದಾಗಿ ಕಾಂಡಕ್ಕೆ ಕಚ್ಚಿಕೊಂಡೇ ಇದ್ದವು. ಮುಂದಿನ ಗುರುವಾರವೂ ಹಾಗೆಯೇ. "ಹೂಂ ಅನವಲ್ರು, ಊಹೂಂ ಅನವಲ್ರು" ಎಂದು ಅವ್ವ ಅಳುಮೋರೆ ಮಾಡಿದಳು. ಒಂದು ಹೂವೂ ಬೀಳದಿರುವುದು ನನಗೆ ವಿಚಿತ್ರವೆನಿಸಿತ್ತು, ಏಕೆಂದು ಹೊಳೆಯಲಿಲ್ಲ. ರಾತ್ರಿ ಗಾಳಿ ಎದ್ದಾಗಲೆಲ್ಲ ಫೋನು ಟಿಣ್ ಎನ್ನುತ್ತಿತ್ತು. ಮೂವರೂ ಎದ್ದು ಕೂರುತ್ತಿದ್ದೆವು. ಅಪ್ಪ ಜೋಕು ಮಾಡುವುದನ್ನು ಬಿಟ್ಟಿದ್ದ.

ಮೂರನೆಯ ಗುರುವಾರ ಬೆಳಿಗ್ಗೆ ಗಾಳಿ ಇರಲಿಲ್ಲ. ಅವ್ವ ನೀರು ಹಾಕಿ, ಹೂ ಹಚ್ಚಲು ಕಟ್ಟೆ ಏರಿದ್ದಳು. ಸುರಿದ ನೀರು ಕಟ್ಟೆಯಿಂದ ತುಳುಕಿ ಅಂಗಳದಲ್ಲಿ ಹರಡಿತ್ತು. ಸೀಳಿದ ಸದ್ದು ಕೇಳಿ ಹೊರಗೆ ಓಡಿದೆ. ಟೊಂಗೆ ಮುರಿದು ಕರೆಂಟಿನ ತಂತಿಗೆ ಜೋತುಬಿದ್ದಿತ್ತು. ತುಂಡಾದ ಫೋನಿನ ತಂತಿಯ ಒಂದು ತುದಿ ಮೇಲೆ ಕರೆಂಟಿನ ತಂತಿಗೇ ಸುತ್ತಿಕೊಂಡಿತ್ತು. ಅದೇ ತುಂಡಿನ ಇನ್ನೊಂದು ತುದಿ ಕಟ್ಟೆಯ ಕೆಳಗಿನ ನೀರಿನಲ್ಲಿ ಬಿದ್ದು ಚರಚರ ಎನ್ನುತ್ತಿತ್ತು. ಫೋನಿನಲ್ಲಿ ಕೇಳಿದ್ದ ಅದೇ ಸದ್ದು.

ಅವ್ವ ಇಳಿಯಲು ಒಂದು ಕಾಲು ಚಾಚಿದ್ದಳು.

"ಇಳೀಬ್ಯಾಡ! ಅವ್ವಾ, ಕಾಲ ಮ್ಯಾಲ ತಗೋ!"

ಕಾಲು ಗಾಳಿಯಲ್ಲಿ ನಿಂತಿತು. ಮೆಲ್ಲಗೆ ಹಿಂದೆ ಹೋಯಿತು. ಅವಳು ಕಾಂಡಕ್ಕೆ ಅಂಗೈ ಊರಿ ನಿಂತಳು. ಅಪ್ಪ ಅವಳತ್ತ ಓಡಿದ. ಅವನ ಅಂಗಿ ಹಿಡಿದು ಜಗ್ಗಿದೆ. ಅವನು ನನ್ನ ಕೆನ್ನೆಗೆ ಹೊಡೆದ. ನಾನು ಬಿಡಲಿಲ್ಲ. ಪಕ್ಕದ ಮನೆಯವರು ತಮ್ಮ ಮೊಬೈಲಿನಿಂದ ಕರೆಂಟ್ ಆಫೀಸಿಗೆ ಹಚ್ಚಿ ಕೂಗುತ್ತಿದ್ದುದು ಕೇಳಿಸುತ್ತಿತ್ತು. ನೀರಿನಲ್ಲಿ ಗುಳ್ಳೆ ಏಳುತ್ತಿದ್ದವು. ಅವ್ವನ ಸೆರಗಿನಿಂದ ಹನಿ ತೊಟ್ಟಿಕ್ಕುತ್ತಿತ್ತು. ಒಂದೊಂದು ಹನಿ ಬಿದ್ದಾಗಲೂ ನಾನು ಉಸಿರು ಹಿಡಿಯುತ್ತಿದ್ದೆ.

ಸದ್ದು ನಿಂತಿತು. ಆದರೂ ಲೈನ್‌ಮನ್ ಬಂದು, ಕರೆಂಟು ಹೋಗಿದೆ ಎಂದು ನೋಡಿ ಹೇಳುವತನಕ ಯಾರೂ ಕದಲಲಿಲ್ಲ.

ಅವ್ವ ಇಳಿದು ಬಂದು ಅಂಗೈ ತೋರಿಸಿದಳು. ಕಾಂಡದಿಂದ ಒಸರಿದ ಕಂದು ಅಂಟು, ಹುಳಿ ನಾತ. ಅದರಲ್ಲಿ ಹಳೆಯ ಮಲ್ಲಿಗೆಯೊಂದು ಮೆತ್ತಿಕೊಂಡಿತ್ತು. ಅವಳು ಕೈ ಕೊಡವಿದಳು. ಬೀಳಲಿಲ್ಲ.

"ಮಹಾರಾಜರು ಸುಮ್ಮನ ಇರಲಿಲ್ಲ" ಎಂದಳು. "ನಾನ ಅಂಟಿನ ಮ್ಯಾಲ ಹಚ್ಚಾಕತ್ತಿದ್ನಿ. ಬೀಳೂದರ ಹೆಂಗ?"

ಗಿಡ ಕಡಿಯಿರೆಂದು ಅವಳೇ ಹೇಳಿದಳು. ಕಟ್ಟೆ ಒಡೆದಾಗ ಬುಡದಲ್ಲಿ ಗಟ್ಟಿ ಮರವೇ ಇರಲಿಲ್ಲ, ನೆನೆದ ಹೊಟ್ಟಿನಂಥ ಪುಡಿ. ಪಾದುಕೆ ದೇವರ ಕೋಣೆಗೆ ಬಂದವು. ಅಂದು ಊಟಕ್ಕೆ ಕೂತಾಗ ಅಪ್ಪ ನನ್ನ ಕೆನ್ನೆ ನೋಡಿ ತನ್ನ ತಾಟಿನ ಹೋಳಿಗೆ ನನಗೆ ಹಾಕಿದ.

ಬಹಳ ದಿನ ನಿದ್ದೆ ಬರಲಿಲ್ಲ. ಸತ್ತ ಫೋನು ಟಿಣ್ ಎಂದಂತಾಗಿ ಏಳುತ್ತಿದ್ದೆ. ಎದ್ದರೆ ಅವ್ವ ಮಂಚದ ಮೇಲೆ ಕಾಲು ಮಡಚಿ ಕೂತಿರುತ್ತಿದ್ದಳು, ನೆಲಕ್ಕೆ ಇಳಿಸದೆ. ದಸರೆಗೆ ಮುಂಚೆ ಫೋನಿನ ಹೊಸ ತಂತಿ ಎಳೆದರು. ಅಂದು ರಾತ್ರಿ ಜೋರು ಗಾಳಿ ಎದ್ದದ್ದನ್ನು ಮರುದಿನ ಓಣಿಯವರು ಹೇಳಿದರು. ನಮಗೆ ತಿಳಿದಿರಲಿಲ್ಲ. ಹಾಲಿನವನು ಗೇಟು ಬಡಿದಾಗ ಬಿಸಿಲು ಅಡಿಗೆಮನೆ ತನಕ ಬಂದಿತ್ತು. ಅವ್ವ ಇನ್ನೂ ಮಲಗಿದ್ದಳು, ಕಾಲು ಚಾಚಿಕೊಂಡು. ಅಂದು ಗುರುವಾರ. ಅಪ್ಪ ಬಾಯಿಗೆ ಬೆರಳಿಟ್ಟು, ಎಬ್ಬಿಸಬೇಡವೆಂದು ಸನ್ನೆ ಮಾಡಿದ.