ಮುರಿದು ನೋಡುತ್ತಿದ್ದ ಶಾಹೀನ್ ಮೇಡಂ

ನನ್ನ ಪೆದ್ದುತನಗಳನ್ನೆಲ್ಲ ಇಟ್ಟಿಗೆ ಮಾಡಿ ಸುಟ್ಟರೆ ಮಾಲೂರಿನ ಗೂಡುಗಳಿಗೆ ವರ್ಷಪೂರ್ತಿ ಮಣ್ಣೇ ಬೇಕಾಗುವುದಿಲ್ಲ. ಅವುಗಳಲ್ಲಿ ಒಂದು ಮಾತ್ರ ಇವತ್ತಿಗೂ ನಗು ತರಿಸುವುದಿಲ್ಲ. ಅಂಟು ಹುಯ್ದು ತಣ್ಣಗೆ ಬಿಡಬೇಕಾಗಿದ್ದ ಮೆಗ್ನೀಸಿಯಂ ತುಂಡನ್ನು ನಾನು ಬಿಸಿ ಪ್ರೆಸ್ಸಿಗೆ ಹಾಕಿ ಒತ್ತಿಬಿಟ್ಟೆ. ಅದನ್ನು ಯಾರಿಗೂ ಹೇಳಲಿಲ್ಲ. ಶಾಹೀನ್ ಮೇಡಂ ಕೆಲಸ ಬಿಟ್ಟು ಹೋದದ್ದು ಇಷ್ಟಕ್ಕೇ.

ಮೇಡಂ ಮುಳಬಾಗಿಲಿನವರು. ಮಾಲೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಲೋಹ ಪರೀಕ್ಷಿಸುವ ಲ್ಯಾಬು ಅವರದು, ನಾನು ಅವರ ಟ್ರೈನಿ. ಯಾವುದನ್ನೂ ಮುರಿದು ನೋಡದೆ ಅವರು ಬಾಯಿಗಿಡುತ್ತಿರಲಿಲ್ಲ. ನಮ್ಮ ಅಕ್ಕನ ಮದುವೆಯಲ್ಲಿ ಎಲೆ ಮುಂದೆ ಕೂತು ಮೈಸೂರು ಪಾಕನ್ನು ಎರಡು ತುಂಡು ಮಾಡಿ ಟ್ಯೂಬ್‌ಲೈಟಿಗೆ ಹಿಡಿದರು. ಹುಳ ಸಿಕ್ಕಿತೇನೋ ಎಂದು ಬಡಿಸುವವನು ಬೆವೆತುಹೋದ.

“ಹುಳ ಇಲ್ಲಪ್ಪ. ಹರಳು ದಪ್ಪ ಆಗಿದೆ, ನಿಧಾನಕ್ಕೆ ಆರಿಸಿದೀರ.”

ಅಮ್ಮ ಈಗಲೂ ಕೇಳುತ್ತಾಳೆ, “ಸ್ವೀಟ್ ಮುರಿದು ನೋಡ್ತಿದ್ರಲ್ಲ, ಆ ಮೇಡಮ್ಮ ಹೆಂಗವ್ರೋ?”

ಲೋಹವನ್ನೂ ಅವರು ನೋಡುತ್ತಿದ್ದುದು ಹಾಗೆಯೇ. ಮೈಕ್ರೋಸ್ಕೋಪಿನಲ್ಲಿ ಇಣುಕಿದರೆ ಲೋಹವೆಂದರೆ ಒತ್ತಾಗಿ ಕೂತ ಹರಳುಗಳು. ಅದಕ್ಕೆ ಮೊದಲು, ಉಜ್ಜಲು ಕೈಗೆ ಸಿಗಲೆಂದು, ಲೋಹದ ಸಣ್ಣ ತುಂಡನ್ನು ಅಂಟಿನ ಬಿಲ್ಲೆಯೊಳಗೆ ಕೂರಿಸಬೇಕು. “ಮೆಗ್ನೀಸಿಯಂ ಹಗುರ, ಆದ್ರೆ ಮುಂಗೋಪಿ ಕಣೋ. ಹರಳು ದಪ್ಪ ಇದ್ರೆ ಬಗ್ಗಲ್ಲ, ಪಟಕ್ ಅಂತ ಮುರಿಯುತ್ತೆ. ಸಣ್ಣ ಮಾಡು, ಗಟ್ಟಿನೂ ಆಗುತ್ತೆ, ಬಗ್ಗೋದೂ ಕಲಿಯುತ್ತೆ,” ಎನ್ನುತ್ತಿದ್ದರು.

ಒಬ್ಬರೇ ಎತ್ತಿ ಬಸ್ಸಿಗೆ ಹಾಕಬಹುದಾದಷ್ಟು ಹಗುರವಾದ ಗಾಲಿಕುರ್ಚಿ ಮಾಡಬೇಕೆಂಬುದು ಅವರ ಹಟ. ಅದಕ್ಕಾಗಿ ಬಿಸಿಯನ್ನು ಏರಿಸಿ, ಇಳಿಸಿ, ಬೈದು, ಮುದ್ದಾಡಿ ಕೊನೆಗೊಂದು ಸರಳು ತೆಗೆದರು. ಅದು ತುಸು ಡೊಂಕಿತ್ತು, ತಾವೇ ಒತ್ತಿ ನೆಟ್ಟಗೆ ಮಾಡಿದರು. ಇದು ಪಾಸಾದರೆ ಕೆಲಸ ಮುಂದುವರಿಯಲಿ, ಇಲ್ಲವಾದರೆ ಮುಚ್ಚೋಣ ಎಂದು ಓನರ್ ಮೊದಲೇ ಹೇಳಿಬಿಟ್ಟಿದ್ದರು.

ಪರೀಕ್ಷೆಯ ಹಿಂದಿನ ಸಂಜೆ ಮೇಡಂ ನನಗೆ, “ಲೇ ಮಂಜ, ತುಂಡು ಕೊಯ್ದಿಟ್ಟಿದೀನಿ. ಅಂಟು ಹುಯ್ದು ಹೋಗು, ಬೆಳಗ್ಗೆ ಹೊತ್ಗೆ ಗಟ್ಟಿಯಾಗಿರುತ್ತೆ. ಪ್ರೆಸ್ ಮಾತ್ರ ಮುಟ್ಬೇಡ, ಇದು ಒತ್ತಡ ತಡೆಯಲ್ಲ,” ಎಂದರು. ನಾನು ವಕ್ಕಲೇರಿಯ ಕ್ರಿಕೆಟ್ ಮ್ಯಾಚಿಗೆ ಓಡಿದೆ. ಹೋಗದಿದ್ದರೆ ನಮ್ಮ ತಂಡ ಗೆದ್ದುಬಿಡುವ ಅಪಾಯವಿತ್ತು! ಅಂಟಿನ ನೆನಪಾದದ್ದು ಬೆಳಗ್ಗೆ ಬಸ್ಸಿಳಿಯುವಾಗ. ಪ್ರೆಸ್ಸಿನಲ್ಲಾದರೆ ಟೀ ಕುಡಿಯುವಷ್ಟರಲ್ಲಿ ಬಿಲ್ಲೆ ತಯಾರು. ನೋಡಲು ಎರಡೂ ಒಂದೇ ಥರ. ಒತ್ತಿಬಿಟ್ಟೆ.

“ನಿನ್ನೆನೇ ಹುಯ್ದ್ಯಾ?”

“ಹೂಂ ಮೇಡಂ, ಹುಯ್ದೇ ಹೋಗಿದ್ದು.”

ಅವರು ಬಿಲ್ಲೆ ಉಜ್ಜಿ, ಆಸಿಡ್ ಸವರಿ, ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು. ಹರಳುಗಳೇನೋ ಅವರು ಬಯಸಿದಷ್ಟೇ ಸಣ್ಣಗಿದ್ದವು. ಆದರೆ ಅವುಗಳ ಒಳಗೆಲ್ಲ ಸೂಜಿಯಂಥ ಪಟ್ಟೆಗಳು. ಮೆಗ್ನೀಸಿಯಂ ಮೇಲೆ ಭಾರ ಬಿದ್ದರೆ ಮೂಡುವ ಗುರುತು ಅದು. ಸರಳು ಕುರ್ಚಿಯಾಗುವ ಮೊದಲೇ ಪೆಟ್ಟು ತಿಂದಿದೆ ಎಂದರ್ಥ. ಪೆಟ್ಟು ಕೊಟ್ಟ ಪ್ರೆಸ್ಸು ಇನ್ನೂ ಬಿಸಿಯಾಗಿತ್ತು.

ಮೇಡಂ ತಮ್ಮ ಅಂಗೈ ನೋಡಿಕೊಂಡರು. “ನೆಟ್ಟಗೆ ಮಾಡೋವಾಗ ನಾನೇ ಜಾಸ್ತಿ ಒತ್ತಿಬಿಟ್ಟೆ ಅನ್ಸುತ್ತೆ.”

ಊರಿನವರ ಕಾಲನ್ನೆಲ್ಲ ಎಳೆಯುವ ನಾನು ಆ ಪ್ರೆಸ್ಸಿಗೆ ಬೆನ್ನು ಅಡ್ಡ ಕೊಟ್ಟು ನಿಂತೆ.

ಓನರ್ ಬಂದರು. “ಬಿಡಿ ಮೇಡಂ, ಒಳಗಿನ ಗೆರೆ ಯಾರ್ ನೋಡ್ತಾರೆ? ಪಾಸ್ ಅಂತ ಬರೀರಿ.”

“ನಾನ್ ನೋಡಿದೀನಲ್ಲ ಸಾರ್. ಕೂತವ್ರು ಬಿದ್ರೆ?”

ಕೆಲಸ ನಿಂತಿತು. ಮೆಗ್ನೀಸಿಯಂ ಕುಲುಮೆಯನ್ನು ಯಾರೋ ಲಾರಿಯಲ್ಲಿ ಒಯ್ದರು. ಮೇಡಂ ಮುಳಬಾಗಿಲಿಗೆ ಮರಳಿ ಮಕ್ಕಳಿಗೆ ಟ್ಯೂಷನ್ ಹೇಳತೊಡಗಿದರು. ನಾನು ಗೆಳೆಯರೆದುರು ಆ ಮ್ಯಾಚಿನ ಕತೆ ಹೇಳಿ ನಗಿಸುತ್ತಿದ್ದೆ, ಮರುದಿನ ಬೆಳಗಿನ ಭಾಗವನ್ನು ಬಿಟ್ಟು.

ಹೋದ ಬೇಸಿಗೆಯಲ್ಲಿ ಶ್ರೀನಿವಾಸಪುರದಿಂದ ಒಂದು ಬುಟ್ಟಿ ಮಾವಿನಹಣ್ಣು ಹೊತ್ತು ಅವರ ಮನೆಗೆ ಹೋದೆ. ದಾರಿಯಲ್ಲಿ ಕಟ್ಟಿಕೊಂಡಿದ್ದ ಜೋಕುಗಳಲ್ಲಿ ಒಂದೂ ಹೊರಬರಲಿಲ್ಲ. ಬುಟ್ಟಿ ಕೆಳಗಿಡುವುದನ್ನೂ ಮರೆತು ನಡೆದದ್ದನ್ನೆಲ್ಲ ಒದರಿದೆ. ಬೈಯಲಿ ಎಂದು ಕಾದೆ. ಅವರು ನನ್ನಿಂದ ಬುಟ್ಟಿ ತೆಗೆದುಕೊಂಡು ಕೆಳಗಿಟ್ಟರು.

“ಸರಳು ಇನ್ನೂ ಮೊಳದುದ್ದ ಮಿಕ್ಕಿತ್ತಲ್ಲೋ ಮಂಜ,” ಎಂದರು. “ಆವತ್ತೇ ಹೇಳಿದ್ರೆ ಇನ್ನೊಂದ್ ತುಂಡು ಕೊಯ್ತಿದ್ವಿ. ಅಷ್ಟೇ.”